ಏಳು ಗಂಟೆಗೆ ಟ್ಯಾಲಿ ಆಫ್ ಆದರೆ ಏನು ಮಾಡ್ತೀರಿ?

ಹೋದ ವರ್ಷ ಮಾರ್ಚ್ 31, ರಾತ್ರಿ ಹತ್ತೂವರೆ. ಪೀಣ್ಯದ ನಮ್ಮ ಫ್ಯಾಕ್ಟರಿ ಗೇಟಿನಲ್ಲಿ ಮೂರು ಲಾರಿ ನಿಂತಿದ್ದವು. ಮಾಲು ಲೋಡ್ ಆಗಿತ್ತು, ಟಾರ್ಪಾಲ್ ಕಟ್ಟಿ ಆಗಿತ್ತು. ಬಿಲ್ ಮಾತ್ರ ಬಂದಿರಲಿಲ್ಲ. ಸೇಲ್ಸ್ ಹೆಡ್ಡು ಐದು ನಿಮಿಷಕ್ಕೊಮ್ಮೆ ಫೋನ್ ಮಾಡುತ್ತಿದ್ದರು. ಮಾಲು ಹನ್ನೆರಡರೊಳಗೆ ಗೇಟು ದಾಟಬೇಕು, ಇಲ್ಲದಿದ್ದರೆ ಆ ವರ್ಷದ ಲೆಕ್ಕಕ್ಕೆ ಸೇರುವುದಿಲ್ಲ.

ನಾನು ಐಟಿಯವಳು. ನಮ್ಮ ಕಂಪನಿಯಲ್ಲಿ ಐಟಿ ಅಂದರೆ ನಾನು ಮತ್ತು ಇನ್ನೊಬ್ಬ ಹುಡುಗ. ಗೇಟಿನ ಹತ್ತಿರ ಹೋಗಿ "ಇನ್ನೊಂದು ಅರ್ಧ ಗಂಟೆ" ಅಂತ ಹೇಳಿದೆ. ಒಬ್ಬ ಡ್ರೈವರ್ ಟೀ ಲೋಟ ಕೆಳಗಿಟ್ಟು ಕೇಳಿದರು: "ಮೇಡಂ, ಮಾಲು ನಿಮ್ಮದು, ಲಾರಿ ನಮ್ಮದು. ಮಧ್ಯದಲ್ಲಿ ಕೂತಿರೋ ಈ ಕಂಪ್ಯೂಟರ್ ಯಾರದ್ದು?"

ಉತ್ತರ ನನಗೆ ಚೆನ್ನಾಗಿ ಗೊತ್ತಿತ್ತು. ಅದು ನನ್ನದೇ. ನನ್ನ ಮೇಜಿನ ಕೆಳಗೆ ಒಂದು ಹಳೇ ಡೆಸ್ಕ್‌ಟಾಪ್, ಅದರಲ್ಲಿ ನಾನು ಬರೆದ ಒಂದು ಪೈಥಾನ್ ಸ್ಕ್ರಿಪ್ಟ್. ಅದೇ ನಮ್ಮ ಮಿಡಲ್‌ವೇರ್, ಅಂದರೆ ಒಂದು ಸಿಸ್ಟಂನಿಂದ ಇನ್ನೊಂದಕ್ಕೆ ಮಾಹಿತಿ ಸಾಗಿಸುವ ಮಧ್ಯವರ್ತಿ.

ಸ್ವಲ್ಪ ಹಿನ್ನೆಲೆ ಹೇಳಿಬಿಡುತ್ತೇನೆ. ನಮ್ಮಲ್ಲಿ ಬಿಲ್ ಹುಟ್ಟುವುದು ಎಸ್‌ಎಪಿಯಲ್ಲಿ, ಅಂದರೆ ಕಂಪನಿಯ ವ್ಯವಹಾರವನ್ನೆಲ್ಲ ನೋಡಿಕೊಳ್ಳುವ ದೊಡ್ಡ ಸಾಫ್ಟ್‌ವೇರ್‌ನಲ್ಲಿ. ಅದರ ಹಳೇ ಆವೃತ್ತಿ, ಇಸಿಸಿ. ಅಲ್ಲಿಂದ ಅದು ಜಿಎಸ್‌ಟಿಯ ಇನ್ವಾಯ್ಸ್ ಪೋರ್ಟಲ್‌ಗೆ ಹೋಗಬೇಕು, ಐಆರ್‌ಎನ್ ತರಬೇಕು, ಅಂದರೆ ಆ ಬಿಲ್ಲಿಗೆ ಪೋರ್ಟಲ್ ಕೊಡುವ ಗುರುತಿನ ನಂಬರ್. ಜಿಎಸ್‌ಟಿಗೂ ಮೊದಲು ಕರ್ನಾಟಕದಲ್ಲಿ ಮಾಲು ಸಾಗಿಸಲು ಇ-ಸುಗಮ ಅನ್ನುವ ಆನ್‌ಲೈನ್ ಚೀಟಿ ಇತ್ತು, ಆಮೇಲೆ 2018ರಲ್ಲಿ ದೇಶಕ್ಕೆಲ್ಲ ಇ-ವೇ ಬಿಲ್ ಬಂತು. ಅವನ್ನಾದರೂ ಕೈಯಲ್ಲಿ ಟೈಪ್ ಮಾಡಿ ತೆಗೆಯಬಹುದಿತ್ತು, ನಮ್ಮವರು ತೆಗೆಯುತ್ತಲೂ ಇದ್ದರು. ಈ ಐಆರ್‌ಎನ್ ಪದ್ಧತಿ, ಅಂದರೆ ಇ-ಇನ್ವಾಯ್ಸ್, ಹಾಗಲ್ಲ. ಪ್ರತಿ ಬಿಲ್ಲೂ ಹೋಗಬೇಕು. 2020ರ ಅಕ್ಟೋಬರ್ 1ಕ್ಕೆ 500 ಕೋಟಿ ಮೇಲಿನ ವಹಿವಾಟಿನವರಿಗೆ ಅಂತ ಶುರುವಾಗಿ, ಇಳಿಯುತ್ತಾ ಇಳಿಯುತ್ತಾ 2023ರ ಆಗಸ್ಟ್ 1ಕ್ಕೆ 5 ಕೋಟಿಯವರ ತನಕ ಬಂತು. ನಾವು ಮಧ್ಯದಲ್ಲೆಲ್ಲೋ ಸಿಕ್ಕಿಕೊಂಡೆವು. ಐಆರ್‌ಎನ್ ಇಲ್ಲದ ಬಿಲ್ ಬಿಲ್ಲೇ ಅಲ್ಲ, ಲಾರಿ ಹೊರಡುವ ಹಾಗಿಲ್ಲ.

ಅದರ ಜೊತೆಗೆ ದಾಬಸ್‌ಪೇಟೆಯಲ್ಲಿ ನಮ್ಮದೇ ಒಂದು ಸೋದರ ಕಂಪನಿ ಇದೆ, ಸ್ಪೇರ್ಸ್ ಮಾರುತ್ತದೆ. ಅದರ ಬಿಲ್ ನಮ್ಮ ಎಸ್‌ಎಪಿಯಲ್ಲಿ, ಲೆಕ್ಕ ಅವರ ಟ್ಯಾಲಿ ಅನ್ನುವ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ. ವೇಬ್ರಿಡ್ಜ್ ಸಾಫ್ಟ್‌ವೇರ್, ಅಟೆಂಡೆನ್ಸ್, ದೊಡ್ಡ ಗ್ರಾಹಕರ ಪೋರ್ಟಲ್, ಪ್ರೊಡಕ್ಷನ್ ಟ್ರ್ಯಾಕಿಂಗ್ ಎಲ್ಲಾ ಸೇರಿ ಏಳು ಸಿಸ್ಟಂ. ಏಳೂ ಒಂದಕ್ಕೊಂದು ನೇರವಾಗಿ ಮಾತಾಡಬೇಕಂದರೆ 21 ದಾರಿ. ಅಷ್ಟಿರಲಿಲ್ಲ ಬಿಡಿ, ಹನ್ನೊಂದಿತ್ತು. ಹನ್ನೊಂದೂ ನನ್ನ ತಲೆಯಲ್ಲೇ.

ಆ ರಾತ್ರಿ ಆಗಿದ್ದೇನು ಅಂದರೆ, ಒಂದು ಬಿಲ್ಲಿನ ಐಟಂ ಹೆಸರಿನಲ್ಲಿ "ನಟ್ & ಬೋಲ್ಟ್ ಕಿಟ್" ಅಂತ ಇತ್ತು. ಆ & ಇದೆಯಲ್ಲ, ಅದನ್ನು ಎಕ್ಸ್‌ಎಂಎಲ್‌ನಲ್ಲಿ (ಸಾಫ್ಟ್‌ವೇರ್‌ಗಳು ಒಂದಕ್ಕೊಂದು ಮಾಹಿತಿ ಕಳಿಸುವ ಒಂದು ಬರಹದ ರೂಪ) ಹಾಗೇ ಬಿಡುವಂತಿಲ್ಲ, ಬೇರೆ ರೂಪದಲ್ಲಿ ಬರೆಯಬೇಕು. ನಾನು ಅವಸರದಲ್ಲಿ ತುಂಡು ತುಂಡು ಅಕ್ಷರ ಅಂಟಿಸಿ ಎಕ್ಸ್‌ಎಂಎಲ್ ಮಾಡಿದ್ದೆ. ತಪ್ಪು ನನ್ನದೇ, ಯಾರನ್ನೂ ಬೈಯುವಂತಿಲ್ಲ. ಬಿಲ್ಲು ಮೊದಲು ಜಿಎಸ್‌ಟಿಗೆ ಹೋಯಿತು, ಐಆರ್‌ಎನ್ ಬಂತು. ಆಮೇಲೆ ಟ್ಯಾಲಿಗೆ ಹೋಗುವಾಗ & ಸಿಕ್ಕಿ ಸ್ಕ್ರಿಪ್ಟ್ ಸತ್ತುಹೋಯಿತು. ಬಂದ ಐಆರ್‌ಎನ್ ಅನ್ನು ಎಸ್‌ಎಪಿಗೆ ಬರೆಯುವ ಮೊದಲೇ. ಐದು ನಿಮಿಷ ಬಿಟ್ಟು ತಾನೇ ಎದ್ದಿತು, ಅದೇ ಬಿಲ್ಲು ಮತ್ತೆ ಎತ್ತಿಕೊಂಡಿತು, ಜಿಎಸ್‌ಟಿಗೆ ಮತ್ತೆ ಕಳಿಸಿತು. ಅಲ್ಲಿಂದ 2150 ಅಂತ ಎರರ್: ಡೂಪ್ಲಿಕೇಟ್ ಐಆರ್‌ಎನ್. ಮತ್ತೆ ಸತ್ತಿತು. ಹಿಂದೆ 43 ಬಿಲ್ಲು ಸಾಲು ನಿಂತಿದ್ದವು.

ಲಾಗ್ ತೆಗೆದು ನೋಡಿದರೆ ಬರೀ 2150. ನಾನು ಒಂದು ಗಂಟೆ ಡೂಪ್ಲಿಕೇಟ್ ಹುಡುಕಿದೆ. & ಕಂಡಿದ್ದು ಹನ್ನೊಂದೂಮುಕ್ಕಾಲಿಗೆ.

ಆಮೇಲೆ ಗೊತ್ತಾದ ತಮಾಷೆ: 2150 ಅನ್ನುವುದು ನಿಜಕ್ಕೂ ಸಿಹಿಸುದ್ದಿ. ಐಆರ್‌ಎನ್ ಅಂದರೆ ಮಾರುವವರ ಜಿಎಸ್‌ಟಿ ನಂಬರ್, ಹಣಕಾಸು ವರ್ಷ, ದಾಖಲೆಯ ಬಗೆ, ಬಿಲ್ ನಂಬರ್ ನಾಲ್ಕನ್ನೂ ಅರೆದು ಮಾಡಿದ 64 ಅಕ್ಷರದ ಗುರುತು, ಅದಕ್ಕೆ ಹ್ಯಾಶ್ ಅನ್ನುತ್ತಾರೆ. ಅದೇ ಬಿಲ್ಲಿಗೆ ಎಷ್ಟು ಸಲ ಕೇಳಿದರೂ ಅದೇ ಬರುತ್ತದೆ. ಎರಡನೇ ಸಲ ಕೇಳಿದಾಗ ಪೋರ್ಟಲ್ "ಆಗಲೇ ಕೊಟ್ಟಿದ್ದೀನಲ್ಲ" ಅನ್ನುತ್ತದೆ, ಜೊತೆಗೆ ಹಳೇ ಐಆರ್‌ಎನ್ ಅನ್ನೂ ಉತ್ತರದಲ್ಲೇ ಇಟ್ಟಿರುತ್ತದೆ. ನನ್ನ ಸ್ಕ್ರಿಪ್ಟ್ ಕವರ್ ಮೇಲಿನ ಕೆಂಪು ಗೆರೆ ನೋಡಿ ಕಾಗದ ಹರಿದು ಹಾಕುತ್ತಿತ್ತು, ಅಷ್ಟೇ.

ಎರಡು ಲಾರಿ ಹನ್ನೆರಡರೊಳಗೆ ಹೋದವು. ಮೂರನೆಯದು ಹೋಗಲಿಲ್ಲ. ಏಪ್ರಿಲ್ ಮೊದಲ ವಾರ ಎಂಡಿ ಕರೆದು, "ಏನಮ್ಮಾ, ಇದಕ್ಕೊಂದು ಒಳ್ಳೇ ಮಿಡಲ್‌ವೇರ್ ಅಂತ ಸಿಗುತ್ತಂತಲ್ಲ, ನೋಡು" ಅಂದರು.

ನೋಡಿದೆ. ಎರಡು ತಿಂಗಳು ನೋಡಿದೆ. ಡೆಮೊ ಕೊಡಲು ಬಂದವರೆಲ್ಲ ಒಂದೇ ಚಿತ್ರ ತೋರಿಸಿದರು: ಮಧ್ಯದಲ್ಲಿ ಒಂದು ದೊಡ್ಡ ಗುಂಡು, ಸುತ್ತ ಚಿಕ್ಕ ಗುಂಡುಗಳು, ಎಲ್ಲಾ ಕಡೆಗೂ ಬಾಣ. ನಮ್ಮ ಮೆಜೆಸ್ಟಿಕ್ ಥರ. ಜಾಲಹಳ್ಳಿಯಿಂದ ಜಯನಗರಕ್ಕೆ ಹೋಗಬೇಕಂದರೂ ಮೆಜೆಸ್ಟಿಕ್‌ಗೆ ಬಂದು ಬಸ್ ಬದಲಾಯಿಸಿ. ಚೆನ್ನಾಗಿಯೇ ಇದೆ. ಆದರೆ ಬಸ್ಸು ಕೆಟ್ಟು ನಿಂತಾಗ ಏನಾಗುತ್ತದೆ ಅನ್ನುವ ಚಿತ್ರ ಯಾರೂ ತರಲಿಲ್ಲ.

ಹಾಗಾಗಿ ನಾನೇ ಎರಡು ಪರೀಕ್ಷೆ ಮಾಡಿಕೊಂಡೆ. ಎರಡೂ ಟ್ಯಾಲಿಯ ಮೇಲೆ.

ಟ್ಯಾಲಿ ಬೆಂಗಳೂರಿನದೇ ಕೂಸು, 1986ರಿಂದ ಇದೆ. ಹೊರಗಿನ ಸಾಫ್ಟ್‌ವೇರ್ ಜೊತೆ ಚೆನ್ನಾಗಿ ಮಾತಾಡುತ್ತದೆ. ಸಾಮಾನ್ಯವಾಗಿ 9000ನೇ ಪೋರ್ಟಿಗೆ, ಅಂದರೆ ಅದು ಕಿವಿಗೊಟ್ಟು ಕೂತಿರುವ ಬಾಗಿಲಿಗೆ, ಎಕ್ಸ್‌ಎಂಎಲ್ ಕಳಿಸಿದರೆ ವೋಚರ್, ಅಂದರೆ ಲೆಕ್ಕದ ಒಂದು ನಮೂದು, ಕೂರುತ್ತದೆ. ಆದರೆ ನಮ್ಮಲ್ಲಿ ಅದು ಅಕೌಂಟೆಂಟ್ ಮೇಡಂ ಮೇಜಿನ ಕಂಪ್ಯೂಟರಿನಲ್ಲಿದೆ. ಟ್ಯಾಲಿ ತೆರೆದಿರಬೇಕು, ಆ ಕಂಪನಿ ಒಳಗೆ ಲೋಡ್ ಆಗಿರಬೇಕು. ಮೇಡಂ ಸಂಜೆ ಏಳಕ್ಕೆ ಸ್ವಿಚ್ ಆಫ್ ಮಾಡಿ ಬಸ್ಸಿಗೆ ಹೋದರು ಅಂದರೆ ಆ ಸಿಸ್ಟಂ ಮಲಗಿತು. ಇದು ಮೊದಲ ಪರೀಕ್ಷೆ: ಏಳಕ್ಕೆ ಟ್ಯಾಲಿ ಆಫ್, ಬೆಳಿಗ್ಗೆ ಒಂಬತ್ತಕ್ಕೆ ಆನ್. ಮಧ್ಯದಲ್ಲಿ ಬಂದ ಬಿಲ್ಲು ಎಲ್ಲಿರುತ್ತವೆ?

ಎರಡನೆಯದು: ಟ್ಯಾಲಿಯಲ್ಲಿ ಇಲ್ಲದ ಲೆಡ್ಜರ್ (ಖಾತೆ) ಹೆಸರು ಹಾಕಿ ಒಂದು ಬಿಲ್ಲು, ಅದರ ಹಿಂದೆ ಹತ್ತು ಒಳ್ಳೇ ಬಿಲ್ಲು.

ಈ ಎರಡನೇ ಪರೀಕ್ಷೆಯಲ್ಲಿ ಮಜಾ ಆಯಿತು. ಒಬ್ಬರು ಡೆಮೊದವರು, ಹೆಸರು ಬೇಡ, ದೊಡ್ಡ ಸ್ಕ್ರೀನಿನಲ್ಲಿ ಹನ್ನೊಂದೂ ಹಸಿರು ತೋರಿಸಿ "ಸೀ ಮೇಡಂ, ಹಂಡ್ರೆಡ್ ಪರ್ಸೆಂಟ್" ಅಂದರು. ನಾನು ಎದ್ದು ಹೋಗಿ ಅಕೌಂಟೆಂಟ್ ಮೇಡಂ ಹತ್ತಿರ ಡೇ ಬುಕ್, ಅಂದರೆ ಆ ದಿನದ ನಮೂದುಗಳ ಪಟ್ಟಿ, ತೆಗೆಸಿದೆ. ಹತ್ತೇ ವೋಚರ್ ಇತ್ತು. ಯಾಕೆಂದರೆ ಲೆಡ್ಜರ್ ಇಲ್ಲ ಅನ್ನುವುದನ್ನು ಟ್ಯಾಲಿ ಎಕ್ಸ್‌ಎಂಎಲ್ ಉತ್ತರದ ಒಳಗೆ ಒಂದು ಸಾಲಿನಲ್ಲಿ ಬರೆದು ಕಳಿಸುತ್ತದೆ, ಆದರೆ ಕವರ್ ಮೇಲೆ ಎಚ್‌ಟಿಟಿಪಿ 200, ಅಂದರೆ "ಸರಿ", ಅಂತಲೇ ಇರುತ್ತದೆ. ಕಾಗದ ತಲುಪಿದೆ ಅನ್ನುವುದೇ ಬೇರೆ, ಅದರಲ್ಲಿ ಬರೆದಿದ್ದನ್ನು ಒಪ್ಪಿದ್ದಾರೆ ಅನ್ನುವುದೇ ಬೇರೆ, ಅಲ್ವಾ? ಮಿಡಲ್‌ವೇರ್‌ಗೆ ಒಳಗೆ ಓದು ಅಂತ ನಾವೇ ಹೇಳಿಕೊಡಬೇಕು. ಯಾವ ಕಂಪನಿಯದ್ದಾದರೂ ಅಷ್ಟೇ. ನನ್ನ ಹಳೇ ಸ್ಕ್ರಿಪ್ಟ್‌ಗೆ ತಪ್ಪಾಗಿದ್ದು ಇದರ ಉಲ್ಟಾ, ಅದು ಒಳ್ಳೇ ಉತ್ತರವನ್ನು ಕೆಟ್ಟದ್ದು ಅಂದುಕೊಂಡಿತ್ತು.

ಈಗ ನಾನು ನೋಡಿದ ಮಿಡಲ್‌ವೇರ್‌ಗಳು, ಒಂದೊಂದಾಗಿ.

ಎಸ್‌ಎಪಿ ಇರುವ ಮನೆಯಲ್ಲಿ ಮೊದಲು ನೆನಪಾಗುವುದು ಎಸ್‌ಎಪಿಯದೇ ಮಿಡಲ್‌ವೇರ್‌ಗಳಾದ ಪಿಐ, ಪಿಒ. ಅದರಲ್ಲಿ ಕೆಲಸ ಮಾಡಿದವರಿಗೆ ಎಸ್‌ಎಂಕ್ಯೂ2 ಅನ್ನುವ ಮೆಸೇಜ್ ಸಾಲಿನ ಪರದೆ ತೆರೆದರೆ ಕೆಂಪಗೆ ಸಿಸ್‌ಫೇಲ್ (ಸಿಸ್ಟಂ ಫೇಲ್) ಕಂಡು ಎದೆ ಧಸಕ್ಕಂದಿದ್ದು ನೆನಪಿರುತ್ತದೆ. ಆದರೆ ಸಿಕ್ಕಿಕೊಂಡ ಮೆಸೇಜನ್ನು ಅಲ್ಲೇ ಮತ್ತೆ ತಳ್ಳಬಹುದು, ಅದು ದೊಡ್ಡ ಸುಖ. ಮುಖ್ಯ ಮೆಂಟೆನೆನ್ಸ್ 2027ರ ಕೊನೆಗೆ ಮುಗಿಯುತ್ತದೆ, ಹೊಸದಾಗಿ ಹಾಕಿಕೊಳ್ಳುವ ಮಾತೇ ಇಲ್ಲ. ಅದರ ಜಾಗಕ್ಕೆ ಬಂದಿರುವುದು ಕ್ಲೌಡ್‌ನ ಇಂಟಿಗ್ರೇಷನ್ ಸ್ವೀಟ್, ನಮ್ಮ ಬಾಯಲ್ಲಿ ಇನ್ನೂ ಸಿಪಿಐ. ಎಸ್‌ಎಪಿ ಜೊತೆ ಅದರ ಸಂಬಂಧ ಸಲೀಸು, ಎಸ್‌ಎಪಿ ತನ್ನ ಮಾಹಿತಿ ಕಳಿಸುವ ರೂಪವಾದ ಐಡಾಕ್ ಅದಕ್ಕೆ ಮನೆಭಾಷೆ. ಪೀಣ್ಯದ ಒಳಗಿರುವ ಟ್ಯಾಲಿಯನ್ನು ಕ್ಲೌಡ್‌ನಿಂದ ಮುಟ್ಟಲು ಕ್ಲೌಡ್ ಕನೆಕ್ಟರ್ ಅಂತ ಒಂದು ಚಿಕ್ಕ ಸಾಫ್ಟ್‌ವೇರ್ ಒಳಗೆ ಕೂರಿಸಿದರೆ ಆಯಿತು. ಆದರೆ ಮೊದಲ ಪರೀಕ್ಷೆಯಲ್ಲಿ ಯೋಚಿಸಬೇಕಾದ ವಿಷಯ ಇದೆ. ಸಾದಾ ರೀತಿಯಲ್ಲಿ ಕಟ್ಟಿದ ದಾರಿಯಲ್ಲಿ ಮೆಸೇಜು ಬಿದ್ದರೆ ಮಾನಿಟರ್‌ನಲ್ಲಿ ಬಿದ್ದಿದೆ ಅಂತ ತೋರಿಸುತ್ತದೆ, ಅಲ್ಲಿಂದಲೇ ಎತ್ತಿ ಮತ್ತೆ ಕಳಿಸಲು ಆಗುವುದಿಲ್ಲ. ಕಳಿಸಿದವರೇ ಮತ್ತೆ ಕಳಿಸಬೇಕು. ಬೇಡ ಅಂದರೆ ಮಧ್ಯದಲ್ಲಿ ಜೆಎಂಎಸ್ ಕ್ಯೂ, ಅಂದರೆ ಮೆಸೇಜು ಕಾಯುವ ಸಾಲು, ಇಟ್ಟು ಕಟ್ಟಬೇಕು. ಕಟ್ಟಿದರೆ ಚೆನ್ನಾಗಿಯೇ ಕಾಯುತ್ತದೆ. ಪಿಒಯಿಂದ ಬಂದವರು ಇಲ್ಲೇ ಎಡವುತ್ತಾರೆ.

ಮ್ಯೂಲ್‌ಸಾಫ್ಟ್ ಹೆಸರು ಹೇಸರಗತ್ತೆಯಿಂದ ಬಂದಿದ್ದು. ಸಿಸ್ಟಂಗಳನ್ನು ಜೋಡಿಸುವುದು ಕತ್ತೆ ಚಾಕರಿ, ಅದನ್ನು ನಾವು ಮಾಡುತ್ತೇವೆ ಅಂತ ಸ್ಥಾಪಕ ರಾಸ್ ಮೇಸನ್ ಇಟ್ಟ ಹೆಸರು. 2018ರಲ್ಲಿ ಸೇಲ್ಸ್‌ಫೋರ್ಸ್ ಕೊಂಡುಕೊಂಡಿತು. ಇದರ ಡೇಟಾವೀವ್ ಅನ್ನುವ ಭಾಷೆ ನನಗೆ ನಿಜವಾಗಿಯೂ ಇಷ್ಟವಾಯಿತು. ಐಡಾಕ್‌ನ ಆಳದಲ್ಲಿರುವ ಐಟಂ ಸಾಲುಗಳನ್ನು ಎತ್ತಿ ಜಿಎಸ್‌ಟಿ ಪೋರ್ಟಲ್ ಕೇಳುವ ಜೇಸನ್ ಅನ್ನುವ ರೂಪಕ್ಕೆ ತರಲು ನಾನು ಪೈಥಾನ್‌ನಲ್ಲಿ ಎರಡು ಪುಟ ಬರೆದಿದ್ದೆ. ಇಲ್ಲಿ ಅರ್ಧ ಪುಟ. ಮೂವತ್ತು ನಲವತ್ತು ಸಿಸ್ಟಂ, ಅದಕ್ಕೇ ಒಂದು ತಂಡ ಇರುವ ಕಂಪನಿಗೆ ನಾನು ಇದನ್ನೇ ಹೇಳುತ್ತೇನೆ. ಏಳು ಸಿಸ್ಟಂ, ಇಬ್ಬರು ಜನ ಇರುವ ನಮಗೆ ಮದುವೆ ಪಾತ್ರೆಯಲ್ಲಿ ಇಬ್ಬರಿಗೆ ಅನ್ನ ಇಟ್ಟ ಹಾಗೆ.

ಡಬ್ಲ್ಯುಎಸ್‌ಒ2 ಪಕ್ಕದ ಶ್ರೀಲಂಕಾದಲ್ಲಿ 2005ರಲ್ಲಿ ಹುಟ್ಟಿದ್ದು. ಓಪನ್ ಸೋರ್ಸ್. ನಮಗೆ ಪಾಠ ಕಲಿಸಿದ್ದು ಇದು. ಇದರಲ್ಲಿ ಮೆಸೇಜ್ ಸ್ಟೋರ್ ಅಂತ ಒಂದು ಗೋದಾಮು, ಮೆಸೇಜ್ ಪ್ರೊಸೆಸರ್ ಅಂತ ಅಲ್ಲಿಂದ ಎತ್ತಿ ಕಳಿಸುವವನು. ಆ ಕಡೆಯವರು ಬಾಗಿಲು ತೆಗೆಯದಿದ್ದರೆ ಇವನು ಕೆಲವು ಸಲ ಪ್ರಯತ್ನಿಸಿ, ಆಗದಿದ್ದರೆ ತಾನೇ ಕೈಕಟ್ಟಿ ಕೂರುತ್ತಾನೆ. ಮೆಸೇಜುಗಳು ಗೋದಾಮಿನಲ್ಲಿ ಭದ್ರ. ಮೊದಲ ಪರೀಕ್ಷೆಗೆ ಇದು ಸರಿಯಾದ ನಡವಳಿಕೆ. ಆದರೆ ಎರಡನೇ ಪರೀಕ್ಷೆಯ ಬಿಲ್ಲನ್ನೂ ಫೇಲ್ ಅಂತ ಹೇಳಿಕೊಟ್ಟರೆ, ಒಂದು ಕೆಟ್ಟ ಬಿಲ್ಲಿಗಾಗಿ ಹತ್ತು ಒಳ್ಳೆಯವು ಕಾಯುತ್ತವೆ. ಇನ್ನೊಂದು ಸೆಟ್ಟಿಂಗ್ ಹಾಕಿದರೆ ಅದನ್ನು ಬಿಟ್ಟು ಮುಂದೆ ಹೋಗುತ್ತಾನೆ. ಆಗ ಟ್ಯಾಲಿ ಆಫ್ ಆದ ರಾತ್ರಿ ಎಲ್ಲವನ್ನೂ ಬಿಟ್ಟು ಮುಂದೆ ಹೋಗುತ್ತಾನೆ!

ಅವತ್ತು ನನಗೆ ತಿಪಟೂರು ನೆನಪಾಯಿತು. ನಮ್ಮಪ್ಪ ಅಲ್ಲಿ ಕೊಬ್ಬರಿ ಮಂಡಿಯಲ್ಲಿ ರೈಟರ್ ಆಗಿದ್ದರು. ಹರಾಜಿನ ದಿನ ರೈತರ ಚೀಲಗಳು ಸಾಲಾಗಿ ತೂಕಕ್ಕೆ ಬರುತ್ತವೆ. ಮಳೆ ಹೊಡೆದು ಲಾರಿ ಬರದಿದ್ದರೆ ಎಲ್ಲಾ ಚೀಲವೂ ಕಾಯುತ್ತದೆ, ಬೇರೆ ದಾರಿ ಇಲ್ಲ. ಆದರೆ ಒಂದು ಚೀಲದಲ್ಲಿ ಹಸಿ ಕೊಬ್ಬರಿ ಸಿಕ್ಕರೆ ಹರಾಜು ನಿಲ್ಲುವುದಿಲ್ಲ. ಹಮಾಲಿ ಆ ಚೀಲವನ್ನು ಕಂಬದ ಹತ್ತಿರ ಇಡುತ್ತಾನೆ, ಅಪ್ಪ ಪುಸ್ತಕದಲ್ಲಿ ಆ ಸಾಲಿನ ಪಕ್ಕ ಒಂದು ಚುಕ್ಕೆ ಇಡುತ್ತಿದ್ದರು, ಮುಂದಿನ ಚೀಲ ತೂಕಕ್ಕೆ. ಸಂಜೆ ಚುಕ್ಕೆ ಇದ್ದವರನ್ನು ಕರೆದು ಮಾತಾಡುತ್ತಿದ್ದರು.

ಲಾರಿ ಬಂದಿಲ್ಲವಾ, ಚೀಲ ಕೆಟ್ಟಿದೆಯಾ? ನಮ್ಮ ಮಿಡಲ್‌ವೇರ್‌ಗೆ ತಿಳಿಯಬೇಕಿದ್ದ ವ್ಯತ್ಯಾಸ ಇದೊಂದೇ. ಬೇರೆ ಬೇರೆ ಸಿಸ್ಟಂ ಜೋಡಿಸಲು ಎಷ್ಟು ನೂರು ಕನೆಕ್ಟರ್ ಇದೆ ಅನ್ನುವುದನ್ನು ಆಮೇಲೆ ನಾನು ಕೇಳುವುದನ್ನೇ ಬಿಟ್ಟೆ.

ಮೆಸೇಜು ಹಿಡಿದಿಟ್ಟು ಹಂಚುವ ಕಾಫ್ಕಾ ಬಗ್ಗೆ ನಮ್ಮ ಐಟಿ ಹುಡುಗನಿಗೆ ಬಹಳ ಆಸೆ. ಲಿಂಕ್ಡ್‌ಇನ್‌ನಲ್ಲಿ ಹುಟ್ಟಿ 2011ರಲ್ಲಿ ಓಪನ್ ಸೋರ್ಸ್ ಆಗಿದ್ದು, ರೆಸ್ಯೂಮೆಯಲ್ಲಿ ಚೆನ್ನಾಗಿ ಕಾಣುತ್ತದೆ. ಓದಿದ ಮೇಲೂ ಮೆಸೇಜು ಅಳಿಸದೆ ಇಟ್ಟಿರುತ್ತದೆ, ಸುಮ್ನೆ ಬಿಟ್ಟರೆ ಏಳು ದಿನ. ಒಂದೇ ಸುದ್ದಿಯನ್ನು ಹತ್ತು ಜನ ಓದಬೇಕಾದ ಕಡೆ, ಸೆಕೆಂಡಿಗೆ ಸಾವಿರಗಟ್ಟಲೆ ಬರುವ ಕಡೆ ಅದಕ್ಕೆ ಸಾಟಿ ಇಲ್ಲ. ನಮ್ಮಲ್ಲಿ ದಿನಕ್ಕೆ ಮೂರು ಸಾವಿರ ಮೆಸೇಜು ಬಂದರೆ ಹಬ್ಬ. ಮೇಲಾಗಿ ಅದು ಪುಸ್ತಕದ ಥರ, ಸಾಲು ಸಾಲಾಗಿ ಓದುತ್ತಾ ಹೋಗಬೇಕು. ಕೆಟ್ಟ ಸಾಲನ್ನು ಎತ್ತಿ ಕಂಬದ ಹತ್ತಿರ ಇಡುವ ಕೆಲಸ ನಮ್ಮ ಕೋಡ್‌ನದ್ದೇ.

ಕೊನೆಗೆ ನಾವು ನಿಂತಿದ್ದು ಅಪಾಚೆ ಕ್ಯಾಮೆಲ್ ಮತ್ತು ರ್ಯಾಬಿಟ್‌ಎಂಕ್ಯೂ ಹತ್ತಿರ. ಹೇಸರಗತ್ತೆ ಬಿಟ್ಟು ಒಂಟೆ, ಮೊಲ. ಈ ಸಾಫ್ಟ್‌ವೇರ್‌ನವರಿಗೆ ಪ್ರಾಣಿ ಪ್ರೀತಿ ಜಾಸ್ತಿ. ಕ್ಯಾಮೆಲ್ ಅಂದರೆ ಒಂದು ಜಾವಾ ಲೈಬ್ರರಿ, ಇಲ್ಲಿಂದ ತಗೋ, ಹೀಗೆ ಬದಲಾಯಿಸು, ಅಲ್ಲಿಗೆ ಕೊಡು ಅಂತ ಬರೆಯುತ್ತಾ ಹೋಗುವುದು. ರ್ಯಾಬಿಟ್‌ಎಂಕ್ಯೂ ಅಂದರೆ ಮೆಸೇಜುಗಳು ಸಾಲಾಗಿ ಕಾಯುವ ಜಾಗ. ಕ್ಯಾಮೆಲ್‌ನಲ್ಲಿ ಯಾವ ತಪ್ಪಿಗೆ ಏನು ಮಾಡಬೇಕು ಅಂತ ಬೇರೆ ಬೇರೆಯಾಗಿ ಹೇಳಬಹುದು. ಟ್ಯಾಲಿಯ ಪೋರ್ಟ್ ತೆರೆಯದಿದ್ದರೆ: ಕಾಯಿ, ಎರಡು ನಿಮಿಷ, ನಾಲ್ಕು, ಎಂಟು, ಸಾಲು ಕದಲಿಸಬೇಡ. ಉತ್ತರದ ಒಳಗೆ ಲೆಡ್ಜರ್ ಇಲ್ಲ ಅಂತಿದ್ದರೆ: ಆ ಬಿಲ್ಲನ್ನು ಡೆಡ್ ಲೆಟರ್ ಕ್ಯೂಗೆ ಹಾಕು, ಮುಂದಿನದು ತಗೋ. ವಿಳಾಸ ಸಿಗದ ಕಾಗದಗಳಿಗೆ ಅಂಚೆಯವರಲ್ಲಿ ಹಿಂದೆ ಡೆಡ್ ಲೆಟರ್ ಆಫೀಸ್ ಇತ್ತಲ್ಲ, ಹೆಸರು ಅಲ್ಲಿಂದಲೇ. 2150 ಬಂದರೆ: ಒಳಗಿನ ಐಆರ್‌ಎನ್ ತೆಗೆದುಕೊಂಡು ಎಸ್‌ಎಪಿಗೆ ಬರೆ, ಬಾಯಿ ಮುಚ್ಚಿಕೊಂಡಿರು. ಮೂರು ನಿಯಮಕ್ಕೂ ಸೇರಿ ಇಪ್ಪತ್ತು ಸಾಲು ಇರಬಹುದು.

ಎಲ್ಲಾ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಆಯಿತು ಅಂತಲ್ಲ. ಕ್ಯಾಮೆಲ್‌ನ ಸಾಮಾನ್ಯ ಆವೃತ್ತಿಯಲ್ಲಿ ಐಡಾಕ್ ಮುಟ್ಟುವ ಎಸ್‌ಎಪಿ ಕನೆಕ್ಟರ್ ಇಲ್ಲ. ಎಸ್‌ಎಪಿಯಲ್ಲಿ ಡಬ್ಲ್ಯುಇ21 ಅನ್ನುವ ಸೆಟ್ಟಿಂಗ್ ಪರದೆಗೆ ಹೋಗಿ ಎಕ್ಸ್‌ಎಂಎಲ್ ಎಚ್‌ಟಿಟಿಪಿ ಪೋರ್ಟ್ ಮಾಡಿ ಐಡಾಕ್ ಅನ್ನು ಹೊರಗೆ ತಳ್ಳಿಸಿದೆವು. ಒಂದು ವಾರ ಹಿಡಿಯಿತು. ಟ್ಯಾಲಿಗೆ ಒಂದೇ ಬಿಲ್ಲು ಎರಡು ಸಲ ಹೋದರೆ ಎರಡು ವೋಚರ್ ಕೂರುವ ಅಪಾಯ ಇತ್ತು, ಪ್ರತಿ ವೋಚರಿಗೂ ನಮ್ಮದೇ ಗುರುತಿನ ನಂಬರ್ ಕೊಟ್ಟು ಅದನ್ನು ತಪ್ಪಿಸಿದೆವು. ಚಂದದ ಮಾನಿಟರ್ ಸ್ಕ್ರೀನೂ ಇಲ್ಲ. ದುಡ್ಡು ಕೊಟ್ಟು ತಂದ ಉತ್ಪನ್ನದಲ್ಲಿ ಅದು ಸಿಗುತ್ತಿತ್ತು.

ಅದನ್ನು ಹುಡುಗನೇ ಮಾಡಿದ. ಒಂದು ಪುಟ, ಕನ್ನಡದಲ್ಲಿ. ಮೂರು ಕಾಲಂ: ಹೋಗಿದೆ, ಕಾಯ್ತಿದೆ, ಪಕ್ಕಕ್ಕಿಟ್ಟಿದೆ. ಪಕ್ಕಕ್ಕಿಟ್ಟಿದ್ದರ ಎದುರು ಕಾರಣ ಒಂದು ಸಾಲು, ಒಂದು ಬಟನ್: ಮತ್ತೆ ಕಳಿಸು. ಮೊದಲು ಬಿಲ್ ಬರಲಿಲ್ಲ ಅಂದರೆ ಡಿಸ್ಪ್ಯಾಚ್ ಸೂಪರ್‌ವೈಸರ್ ಅಣ್ಣ ನನಗೆ ಫೋನ್ ಮಾಡಿ "ಮೇಡಂ, ಸಿಸ್ಟಂ ಹ್ಯಾಂಗು" ಅನ್ನುತ್ತಿದ್ದರು. ಈಗ "ಮೇಡಂ, ನಾಲ್ಕು ಕಾಯ್ತಿದೆ, ಜಿಎಸ್‌ಟಿ ಪೋರ್ಟಲ್ ಉತ್ತರ ಕೊಡ್ತಿಲ್ಲ, ಲಾರಿಯವರಿಗೆ ಊಟಕ್ಕೆ ಹೋಗಿ ಬನ್ನಿ ಅಂದೆ" ಅನ್ನುತ್ತಾರೆ. ನಾನು ಬಸ್ಸಿನಲ್ಲಿದ್ದರೆ ಇಳಿಯಬೇಕಾಗಿಲ್ಲ.

ಎಂಡಿ ಒಂದು ಪ್ರಶ್ನೆ ಕೇಳಿದರು, ಅದಕ್ಕೆ ನನ್ನ ಹತ್ತಿರ ಈಗಲೂ ಪೂರ್ತಿ ಉತ್ತರ ಇಲ್ಲ. "ನೀನು ಬಿಟ್ಟು ಹೋದರೆ?" ಮ್ಯೂಲ್‌ಸಾಫ್ಟ್ ಗೊತ್ತಿರುವವರು, ಸಿಪಿಐ ಗೊತ್ತಿರುವವರು ಬೆಂಗಳೂರಿನಲ್ಲಿ ಬೇಕಾದಷ್ಟು ಸಿಗುತ್ತಾರೆ. ನಾನು ಬರೆದ ಕ್ಯಾಮೆಲ್ ರೂಟ್ ಗೊತ್ತಿರುವವನು ಒಬ್ಬನೇ, ಅವನಿಗೂ ಬೇರೆ ಕಡೆಯಿಂದ ಫೋನ್ ಬರುತ್ತಿರುತ್ತವೆ. ಎಲ್ಲವನ್ನೂ ಬರೆದಿಟ್ಟಿದ್ದೇನೆ, 38 ಪುಟ. ಇಸಿಸಿ ಬಿಟ್ಟು ಎಸ್‌ಎಪಿಯ ಹೊಸ ಆವೃತ್ತಿ ಎಸ್/4 ಹಾನಾಗೆ ಹೋಗುವ ದಿನ ಹೇಗೂ ಬರುತ್ತದೆ, ಆಗ ಸಿಪಿಐ ಮತ್ತೆ ಮೇಜಿನ ಮೇಲೆ ಬರಬಹುದು. ಬಂದರೆ ನನ್ನ ತಕರಾರಿಲ್ಲ. ಎರಡು ಪರೀಕ್ಷೆ ಮತ್ತೆ ಮಾಡುತ್ತೇನೆ, ಅಷ್ಟೇ.

ಈ ವರ್ಷ ಮಾರ್ಚ್ 31ಕ್ಕೆ ಲಾರಿಗಳೆಲ್ಲ ರಾತ್ರಿ ಹತ್ತರೊಳಗೆ ಹೋದವು. ಟ್ಯಾಲಿ ಎಂದಿನಂತೆ ಏಳಕ್ಕೇ ಮಲಗಿತ್ತು, 17 ಬಿಲ್ಲು ಕಾಯುತ್ತಾ ಕೂತಿದ್ದವು. ಬೆಳಿಗ್ಗೆ ಒಂಬತ್ತು ಹತ್ತಕ್ಕೆ ಮೇಡಂ ಕಂಪ್ಯೂಟರ್ ಹಾಕಿದರು. ಹದಿನಾರು ಹೋದವು, ಒಂದು ಪಕ್ಕಕ್ಕೆ ಬಿತ್ತು. ಫೋನ್ ಮಾಡಿದೆ.

"ಮೇಡಂ, ಆ ಲೆಡ್ಜರ್ ಹೆಸರು ಎಸ್‌ಎಪಿಯಲ್ಲಿ ಟ್ರೇಡರ್ಸ್ ಅಂತ ಇದೆ, ನಿಮ್ಮಲ್ಲಿ ಟ್ರೇಡರ್ ಅಂತ ಇದೆ."

"ಅವರು ಒಬ್ಬರೇ ಇರೋದಲ್ವೇನಮ್ಮಾ, ಅದಕ್ಕೇ ಟ್ರೇಡರ್ ಅಂತ ಹಾಕಿದೀನಿ" ಅಂದರು.